ಜೋಡಿ ನೋಡಿ ತಂದ ಸ್ಪೀಕರ್

ನನ್ನ ಗಿಟಾರಿನ ಬಾಕ್ಸಿನಲ್ಲಿ ಎರಡು ಸ್ಪೀಕರ್‌ಗಳಿದ್ದವು. ಬಲಗಡೆಯದು ಒಂದು ಭಾನುವಾರ ಬೆಳಿಗ್ಗೆ ಸುಟ್ಟುಹೋಯಿತು. ಮೊದಲು ಗೊರಗೊರ ಎಂದಿತು, ಆಮೇಲೆ ಸೀದ ವಾಸನೆ ಬಂತು, ಆಮೇಲೆ ಸುಮ್ಮನಾಯಿತು. ಒಲೆಯ ಮೇಲೆ ಏನೋ ಸೀಯುತ್ತಿದೆ ಎಂದು ಅಡುಗೆಮನೆಗೆ ಓಡಿದ ಅವ್ವ, ತನ್ನ ತಪ್ಪಲ್ಲ ಎಂದು ಗೊತ್ತಾದ ಮೇಲೆ ಸಮಾಧಾನವಾಗಿ ಬಂದು, "ಇನ್ನೊಂದದೆಯಲ್ಲ, ಸಾಲ್ದಾ? ನಮ್ಮನೆಯೇನು ಮೈದಾನವಾ?" ಎಂದಳು.

ಸಾಲುತ್ತಿರಲಿಲ್ಲ. ಹೊಳೆನರಸೀಪುರದಲ್ಲಿ ನಾನು ಫಿಸಿಕ್ಸ್ ಪಾಠ ಮಾಡುವ ಪಿಯು ಕಾಲೇಜಿನ ವಾರ್ಷಿಕೋತ್ಸವ ಮುಂದಿನ ಶನಿವಾರಕ್ಕಿತ್ತು. ಈ ಸಲ ಮಕ್ಕಳ ಹಾಡಿಗೆ ನಮ್ಮ ಫಿಸಿಕ್ಸ್ ಮೇಷ್ಟ್ರೇ ಗಿಟಾರ್ ನುಡಿಸುತ್ತಾರೆ ಎಂದು ಪ್ರಾಂಶುಪಾಲರು ಎಲ್ಲರ ಮುಂದೆ ಹೇಳಿಯಾಗಿತ್ತು. ನಾನೂ ಬೇಡವೆಂದಿರಲಿಲ್ಲ.

ಬಾಕ್ಸಿನ ವಿಷಯ ಹೇಳಿಬಿಡುತ್ತೇನೆ. ಸೊಂಟದೆತ್ತರದ ಮರದ ಪೆಟ್ಟಿಗೆ ಅದು. ಹಾಸನದಲ್ಲಿ ಡಿಗ್ರಿ ಓದುವಾಗ ಮದುವೆ ಆರತಕ್ಷತೆಗಳಿಗೆ ನುಡಿಸುವ ಒಂದು ಆರ್ಕೆಸ್ಟ್ರಾದಲ್ಲಿ ನಾನು ಗಿಟಾರ್ ಹಿಡಿದಿದ್ದೆ. ಹಾಸ್ಟೆಲ್ಲಿನ ಮುದ್ದೆ ಸಾಲದ ಹೊಟ್ಟೆಗೆ ಆರತಕ್ಷತೆಯ ಊಟ ಸಿಗುತ್ತಿತ್ತು. ಸಂಗೀತದ ಮೇಲೆ ಪ್ರೀತಿ ಹುಟ್ಟಿದ್ದು ಊಟವಾದ ಮೇಲೆ. ಡಿ.ಜೆ.ಗಳು ಬಂದವು, ಆರ್ಕೆಸ್ಟ್ರಾ ಮುಚ್ಚಿತು, ಯಾರಿಗೂ ಬೇಡವಾದ ಬಾಕ್ಸು ನನ್ನ ಪಾಲಿಗೆ ಬಂತು. ಆಮೇಲೆ ಎಂ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ, ಕೆಲಸ ಸಿಕ್ಕಿತು. ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಎಸ್ಸೆಸ್ಸೆಲ್ಸಿ ಪಾಸಾದವರೇ ಇರಲಿಲ್ಲ. ನಾನು ಹೋದಲ್ಲೆಲ್ಲ ಬಾಕ್ಸೂ ಬಂತು. ಈಗ ದಂಡಿಗನಹಳ್ಳಿ ಹೋಬಳಿಯ ನಮ್ಮೂರ ಮನೆಯ ನಡುಮನೆಯಲ್ಲಿದೆ. ನಾನು ನುಡಿಸದ ದಿನಗಳಲ್ಲಿ ಅವ್ವ ಅದರ ಮೇಲೆ ಕಂಬಳಿ ಮಡಿಸಿಡುತ್ತಾಳೆ.

"ಹಾಸನಕ್ಕೆ ಹೋಗಿ ಒಂದು ಸ್ಪೀಕರ್ ತಗೊಂಡ್ ಬರ್ತೀನಿ" ಎಂದೆ.

ಜಗುಲಿಯ ಮೇಲಿದ್ದ ಅಪ್ಪ, "ಉಳಿದಿರೋದು ಎಲ್ಲದೆ?" ಎಂದ.

"ಬಾಕ್ಸಲ್ಲೇ ಇದೆ."

"ಬಿಚ್ಚು. ಅದ್ನೂ ತಕ್ಕಂಡೋಗ್ಬೇಕು. ನಾನೂ ಬತ್ತೀನಿ."

ಇಲ್ಲಿ ಅಪ್ಪನ ವಿಷಯವನ್ನೂ ಹೇಳಬೇಕು. ಎತ್ತುಗಳಿಗೆ ಜೋಡಿ ಕೂಡಿಸುವುದರಲ್ಲಿ ಅಪ್ಪನ ಕಣ್ಣು ಸುತ್ತಮುತ್ತ ನಾಲ್ಕು ತಾಲ್ಲೂಕಿಗೆ ಗೊತ್ತಿತ್ತು. ಜೋಡಿಯಲ್ಲಿ ಒಂದು ಎತ್ತು ಸತ್ತರೆ, ಉಳಿದ ಒಂಟಿ ಎತ್ತಿಗೆ ಸರಿಜೊತೆ ಹುಡುಕುವುದು ಸುಲಭವಲ್ಲ. ಎತ್ತರ, ಬಣ್ಣ, ಕೊಂಬು ಹೊಂದಿದರೂ ನಡಿಗೆ ಹೊಂದುವುದಿಲ್ಲ. ಹಾಗೆ ಒಂಟಿ ಎತ್ತು ಉಳಿದವರು ಅರಕಲಗೂಡು, ಹೊಳೆನರಸೀಪುರದ ಕಡೆಯಿಂದ ಬಂದು ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ದುಡ್ಡು ಮುಟ್ಟುತ್ತಿರಲಿಲ್ಲ. ಊಟ, ಒಂದು ಟವೆಲು, ಅಷ್ಟೆ. ಈಗ ಎಲ್ಲರ ಮನೆಯಲ್ಲೂ ಟ್ರ್ಯಾಕ್ಟರ್. ವರ್ಷಕ್ಕೆ ಒಬ್ಬರು ಬಂದರೆ ಹೆಚ್ಚು. ಅಪ್ಪ ಆ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಮನೆ ಮುಂದೆ ಯಾವುದಾದರೂ ಗಾಡಿ ನಿಂತರೆ ಮೇಲೆತ್ತಿ ಕಟ್ಟಿದ ಲುಂಗಿಯನ್ನು ಇಳಿಬಿಟ್ಟು ನೆಟ್ಟಗೆ ಕೂರುತ್ತಾನೆ. ಗಾಡಿಯವನು ದಾರಿ ಕೇಳಿಕೊಂಡು ಹೊರಟುಹೋದರೆ ಮತ್ತೆ ಮೇಲೆತ್ತಿ ಕಟ್ಟುತ್ತಾನೆ.

"ಹಳೇದು ಯಾಕಪ್ಪ? ಹನ್ನೆರಡು ಇಂಚು, ಎಂಟು ಓಮ್. ನಂಬರ್ ಹೇಳಿದ್ರೆ ಕೊಡ್ತಾನೆ" ಎಂದೆ.

"ಎತ್ತಿಗೆ ಜೊತೆ ತರಕ್ಕೋಗೋನು ಎತ್ತ ಮನೇಲಿ ಬುಟ್ಟು, ಬರೀ ಅದ್ರ ವಯಸ್ಸ ಯೋಳ್ಕಂಡೋಯ್ತಾನಾ?"

"ಇದು ಎತ್ತಲ್ಲ ಅಪ್ಪ."

"ಎರಡೂ ಒಂದೇ ಪೆಟ್ಟಿಗೇಲಿ ಒಂದೇ ಕೆಲ್ಸ ಮಾಡ್ತವೆ ತಾನೆ? ಇನ್ನೇನ್ಲಾ ಅದು?"

ನಾನು ಓಮ್ ಎಂದರೆ ತಡೆ ಎಂದು ವಿವರಿಸಿದೆ. ಎಂಟು ಓಮಿನ ಎರಡು ಸ್ಪೀಕರನ್ನು ಪಕ್ಕಪಕ್ಕ ಜೋಡಿಸಿದರೆ ಒಟ್ಟು ನಾಲ್ಕಾಗುತ್ತದೆ, ನನ್ನ ಆಂಪ್ಲಿಫೈಯರಿಗೆ ಬೇಕಾದದ್ದು ಅದೇ ಎಂದೆ.

"ಎಂಟೂ ಎಂಟೂ ಸೇರಿದ್ರೆ ನಾಲ್ಕಾ?" ಅಪ್ಪ ಅವ್ವನ ಕಡೆ ತಿರುಗಿದ. "ಇದ್ಕೇನೇ ಇವನ್ನ ಆಸ್ಟಲ್‌ಗೆ ಆಕಿದ್ದು?"

ಸ್ಪೀಕರ್ ಬಿಚ್ಚಿದೆ.

ಅಪ್ಪ ಬಿಳಿ ಪಂಚೆ ಉಟ್ಟು, ಇಸ್ತ್ರಿ ಅಂಗಿ ತೊಟ್ಟು, ಹೆಗಲಿಗೆ ದೊಡ್ಡ ಟವೆಲು ಹಾಕಿಕೊಂಡು ಬಂದ. ಆ ವೇಷವನ್ನು ನಾನು ನೋಡಿ ಎರಡು ವರ್ಷವಾಗಿತ್ತು. ಹಳೆಯ ಸ್ಪೀಕರನ್ನು ರಾಗಿ ಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬೈಕಿನ ಹಿಂದೆ ಕೂತ. ಹೆದ್ದಾರಿ ಸೇರುವವರೆಗೂ ಪ್ರತಿ ರಸ್ತೆ ಉಬ್ಬಿಗೂ, "ನಿಧಾನ ಕಣ್ಲಾ, ಬಾಯಿ ತಕ್ಕಂಡದೆ ಇದು" ಎನ್ನುತ್ತಿದ್ದ. ಟೀ ಕುಡಿಯಲು ನಿಲ್ಲಿಸಿದಾಗ ಅಪ್ಪನ ಬಳಿಯಿದ್ದ ಪಂಪ್‌ಸೆಟ್ ಮನೆಯ ಬೀಗದ ಕೈ ಕಾಣಲಿಲ್ಲ. ಜೇಬಿನಲ್ಲಿಲ್ಲ, ಸೊಂಟದಲ್ಲಿಲ್ಲ. ಕೊನೆಗೆ ನೋಡಿದರೆ ಸ್ಪೀಕರಿನ ಅಯಸ್ಕಾಂತ ಚೀಲದ ಮೇಲಿಂದಲೇ ಅದನ್ನು ಕಚ್ಚಿಕೊಂಡಿತ್ತು. ಅಪ್ಪ ಎರಡು ಸಲ ಕಿತ್ತು ಎರಡು ಸಲ ಅಂಟಿಸಿ ನೋಡಿ, "ವಯಸ್ಸಾದ್ರೂ ಇಡಿತ ಬುಟ್ಟಿಲ್ಲ" ಎಂದು ಟೀಯಂಗಡಿಯವನಿಗೂ ತೋರಿಸಿದ.

ಹಾಸನದ ಬಸ್ ಸ್ಟ್ಯಾಂಡಿನಿಂದ ಎರಡು ಗಲ್ಲಿ ಆಚೆಗೆ ಮೈಕ್ ಸೆಟ್ ಸಾಮಾನಿನ ಅಂಗಡಿ. ಭಾನುವಾರವೂ ಮಧ್ಯಾಹ್ನದವರೆಗೆ ತೆಗೆದಿರುತ್ತದೆ. ಮೂವತ್ತು ದಾಟದ ಅಂಗಡಿಯವನು, ಗಿಟಾರ್ ಬಾಕ್ಸಿಗೆಂದೇ ಬರುವ ಸ್ಪೀಕರ್ ಮೂರು ಥರ ಇದೆ ಎಂದು ಮೂರನ್ನೂ ತೆಗೆದಿಟ್ಟ. ನಾನು ಡಬ್ಬಿ ತಿರುಗಿಸಿ ಓದಿದೆ. ಮೂರೂ ಹನ್ನೆರಡು ಇಂಚು, ಮೂರೂ ಎಂಟು ಓಮ್. ಒಂದರ ವಾಟ್ ಹೆಚ್ಚಿತ್ತು. ಬೆನ್ನ ಮೇಲೆ ಚಿನ್ನದ ಬಣ್ಣದ ಅಕ್ಷರವಿತ್ತು. "ಇದನ್ನೇ ಕೊಡಿ" ಎಂದೆ. ಒಂದೂವರೆ ನಿಮಿಷದ ಕೆಲಸ.

"ತಾಳ್ಲಾ" ಎಂದ ಅಪ್ಪ. "ತಮ್ಮಯ್ಯ, ಇವ್ನ ಮೂರ್ನೂ ಬಿಸ್ಲಿಗಿಡು. ನೆಳ್ಳಲ್ಲಿ ಎಲ್ಲಾ ಚೆಂದಾಗೇ ಕಾಣ್ತವೆ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಮೂರು ಸ್ಪೀಕರ್ ಹೊರಗಿನ ಮೆಟ್ಟಿಲ ಮೇಲೆ ಸಾಲಾಗಿ ಕೂತವು. ಪಕ್ಕದಲ್ಲಿ ನಮ್ಮ ಹಳೆಯದು. ಅಪ್ಪ ಮೊದಲು ಹಿಂದಿನಿಂದ ನೋಡಿದ. ಒಂದೊಂದನ್ನೂ ಒಂದೇ ಕೈಯಲ್ಲಿ ಎತ್ತಿ ತೂಕ ನೋಡಿದ. ಬೆರಳ ಗೆಣ್ಣಿನಿಂದ ತಟ್ಟಿದ. ಆಮೇಲೆ ಎರಡೂ ಹೆಬ್ಬೆರಳನ್ನು ಸ್ಪೀಕರಿನ ಬಾಯಿಯ ಕಾಗದದ ಮೇಲಿಟ್ಟ.

"ಯಜಮಾನ್ರೆ, ಒತ್ಬೇಡಿ! ಹರಿದೋಗುತ್ತೆ!"

"ಒತ್ನಿಲ್ಲ ತಮ್ಮಯ್ಯ, ಮುಟ್ದೆ. ಮುಟ್ಟಿಸ್ಕಳ್ದೆ ಇರೋದ ಯಾರು ತಂದು ಕಟ್ಟಾರು?"

ಮೂರರಲ್ಲಿ ಒಂದನ್ನು ಪಕ್ಕಕ್ಕೆ ಸರಿಸಿದ. "ಇದ್ರ ಸುಳಿ ಓರೆ ಅದೆ."

ಎತ್ತಿನ ಹಣೆಯ ಸುಳಿ ನೋಡಿ ಅಭ್ಯಾಸವಾದ ಅಪ್ಪ ಸುಳಿ ಎಂದದ್ದು ಸ್ಪೀಕರಿನ ನಡುವಿನ ಗುಂಡು ಮುಚ್ಚಳವನ್ನು. ಅಂಗಡಿಯವನಿಗೆ ರೇಗಿತು. ಕಂಪನಿಯಿಂದ ಬಂದ ಮಾಲು, ಓರೆ ಇರಲು ಸಾಧ್ಯವೇ ಇಲ್ಲ ಎಂದು ಸ್ಕೇಲ್ ತಂದು ಅಳೆದ. ನಾಲ್ಕೂ ಕಡೆಯಿಂದ ಅಳೆದ. ಆಮೇಲೆ ಆ ಸ್ಪೀಕರನ್ನು ಡಬ್ಬಿಗೆ ಹಾಕಿ ಒಳಗಿಟ್ಟ. ಆ ಕ್ಷಣದಿಂದ ಅವನು ಅಪ್ಪನ ಕಡೆಯವನಾದ.

ಉಳಿದ ಎರಡನ್ನು ಕೇಳಿ ನೋಡುವುದೆಂದಾಯಿತು. ಅಂಗಡಿಯವನು ನಮ್ಮ ಹಳೆಯದನ್ನೂ ಚಿನ್ನದ ಅಕ್ಷರದ್ದನ್ನೂ ಒಂದು ಆಂಪ್ಲಿಫೈಯರಿಗೆ ಸಿಕ್ಕಿಸಿ, ಪರೀಕ್ಷೆಗೆಂದೇ ಇಟ್ಟಿದ್ದ ಗಿಟಾರನ್ನು ನನ್ನ ಕೈಗೆ ಕೊಟ್ಟ. ಅಪ್ಪ ಗಲ್ಲಿಯ ಆಚೆ ಬದಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತ. ನುಡಿಸಿದೆ. ಗಲ್ಲಿಯೇ ತುಂಬಿಹೋಯಿತು. ನನಗೆ ಬಹಳ ಖುಷಿಯಾಯಿತು.

ಅಪ್ಪ ತಿರುಗಿ ಕೇಳಿದ, "ನಮ್ದು ಎಲ್ಲೋಯ್ತು?"

"ಇಲ್ಲೇ ಇದೆಯಲ್ಲ."

"ಕಣ್ಗೆ ಕಾಣ್ತದೆ. ಕಿವಿಗೆ ಕೇಳ್ನಿಲ್ಲ. ಒಸದು ಕಿತ್ಕಂಡ್ ಓಡ್ತಾ ಅದೆ, ಅಳೇದು ಇಂದೆ ಬಿದ್ದದೆ. ಬ್ಯಾಡ."

"ಯಜಮಾನ್ರು ಹೇಳೋದು ಸರಿ ಸಾ," ಎಂದ ಅಂಗಡಿಯವನು. "ಓಮ್ ಒಂದೇ ಇದ್ರೂ ಕೂಗು ಒಂದೇ ಇರಲ್ಲ. ನೋಡಿ, ಡಬ್ಬಿ ಪಕ್ಕ ಡೆಸಿಬಲ್ ಬರ್ದವ್ರೆ. ಇದು ನಿಮ್ಮ ಹಳೇದಕ್ಕಿಂತ ಜಾಸ್ತಿ."

ಬರೆದಿತ್ತು. ಡೆಸಿಬಲ್ ಎಂದರೇನು ಎಂದು ನಾನು ಪ್ರತಿ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಡಬ್ಬಿಯ ಮೇಲೆ ಮಾತ್ರ ಓದಿರಲಿಲ್ಲ. "ಅದು ದೊಡ್ಡ ವ್ಯತ್ಯಾಸ ಅಲ್ಲ" ಎಂದೆ. ದೊಡ್ಡ ವ್ಯತ್ಯಾಸವೇ ಆಗಿತ್ತು.

ಎರಡನೆಯದು ಬರೀ ಕಪ್ಪು. ಅಕ್ಷರವಿಲ್ಲ, ಅಲಂಕಾರವಿಲ್ಲ. ಅದನ್ನು ಹಳೆಯದರ ಜೊತೆ ಸಿಕ್ಕಿಸಿ ನುಡಿಸಿದಾಗ ಅಪ್ಪ ಬೆನ್ನು ಹಾಕಿಕೊಂಡೇ ತಲೆಯಾಡಿಸಿದ. ರಸ್ತೆ ದಾಟಿ ಬಂದು ಅದರ ತಲೆ ಸವರಿ, "ಇದು" ಎಂದ.

ಇನ್ನು ಬೆಲೆ. ಅಪ್ಪ ಹೆಗಲ ಟವೆಲನ್ನು ತೆಗೆದು ಬಲಗೈ ಮುಚ್ಚುವಂತೆ ಹರಡಿಕೊಂಡು ಆ ಕೈಯನ್ನು ಅಂಗಡಿಯವನ ಮುಂದೆ ಚಾಚಿದ. ಅಂಗಡಿಯವನು ಕೈಕುಲುಕುವುದೆಂದುಕೊಂಡು ಟವೆಲಿನೊಳಗೆ ಕೈ ಹಾಕಿದ. ಹಾಕಿದವನ ಮುಖ ನಿಧಾನವಾಗಿ ಬದಲಾಯಿತು.

"ಸಾ, ಬೆರಳು ಹಿಡ್ಕೊಂಡವ್ರೆ. ಬಿಡ್ತಾ ಇಲ್ಲ."

"ಬೆಲೆ ಕೇಳ್ತಿದ್ದಾರೆ," ಎಂದೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ.

"ಬೆಲೆ ಡಬ್ಬಿ ಮೇಲೇ ಬರ್ದದಲ್ಲ ಯಜಮಾನ್ರೆ!"

"ಅದು ಊರೋರ್ಗೆಲ್ಲ ಬರ್ದಿರೋದು. ಇದು ನಿಂಗೂ ನಂಗೂ" ಎಂದು ಅಪ್ಪ ಇನ್ನೊಂದು ಬೆರಳು ಹಿಡಿದ. ಅಂಗಡಿಯವನು ಕೈ ಬಿಡಿಸಿಕೊಳ್ಳಲು ಕೊಸರಾಡಿದ. ಆ ಕೊಸರಾಟದಲ್ಲಿ ಅವನ ಬೆರಳು ಎಲ್ಲಿ ಒತ್ತಿತೋ, ಅಪ್ಪ ಟವೆಲು ಕೊಡವಿ, "ಒಪ್ಕಂಡ!" ಎಂದು ಕೂಗಿದ.

"ಎಷ್ಟಕ್ಕೆ ಒಪ್ಕೊಂಡೆ ಅಂತ ನಂಗೂ ಹೇಳಿ ಸಾ" ಎಂದ ಅಂಗಡಿಯವನು. ಹೇಳಿದ ಮೇಲೆ ಒಂದು ಗಳಿಗೆ ತಲೆ ಹಿಡಿದುಕೊಂಡ. ಆದರೂ ನಗುತ್ತಲೇ ಕಟ್ಟಿಕೊಟ್ಟ.

ವಾಪಸ್ ಬರುವಾಗ ಅಪ್ಪನ ತೊಡೆಯ ಮೇಲೆ ಎರಡು ಸ್ಪೀಕರ್. ದಾರಿಯುದ್ದಕ್ಕೂ ಅಪ್ಪ ಹಳೆಯ ಜೋಡಿಗಳ ಕಥೆ ಹೇಳಿದ. ಅವನು ಅಷ್ಟು ಮಾತಾಡಿದ್ದು ಕೇಳಿ ಬಹಳ ದಿನವಾಗಿತ್ತು. ನಾನು ಮಾತ್ರ ಉರಿಯುತ್ತಿದ್ದೆ. ಇಬ್ಬರು ಆರಿಸಲು ಹೋಗಿ, ಓದಿದವನು ಆರಿಸಿದ್ದು ಅಂಗಡಿಯಲ್ಲೇ ಉಳಿದಿತ್ತು.

ಸಂಜೆ ಎರಡನ್ನೂ ಬಾಕ್ಸಿಗೆ ಕೂರಿಸಿ, ವೈರ್ ಸಿಕ್ಕಿಸಿ, ಹಿಂಬದಿಯ ಹಲಗೆ ಮುಚ್ಚಿ, ಗಿಟಾರ್ ಹಿಡಿದೆ. ಅಪ್ಪ ಬಾಗಿಲಲ್ಲಿ ನಿಂತಿದ್ದ. ನುಡಿಸಿದರೆ ಖಾಲಿ ಡಬ್ಬದಲ್ಲಿ ದುಂಬಿ ಸಿಕ್ಕಿಹಾಕಿಕೊಂಡ ಸದ್ದು. ಮೇಲಿನ ತಂತಿಗಳು ಕೀಚ್ ಎನ್ನುತ್ತಿದ್ದವು, ಕೆಳಸ್ವರದ ದಪ್ಪ ತಂತಿ ಇದೆಯೋ ಇಲ್ಲವೋ ಎನ್ನುವಂತಿತ್ತು.

"ಅದ್ಯಾಕ್ಲಾ ಒಟ್ಟೆ ಇಲ್ದಂಗೆ ಕೂಗ್ತದೆ?" ಎಂದಳು ಅವ್ವ.

ನಾನು ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಆಡಿಬಿಟ್ಟೆ. "ನಾನು ಹೇಳಿದ್ದನ್ನ ತಂದಿದ್ರೆ ಹಿಂಗಾಗ್ತಿರಲಿಲ್ಲ. ಎತ್ತಿನ ಲೆಕ್ಕ ಎಲ್ಲದಕ್ಕೂ ಬರಲ್ಲ ಅಪ್ಪ."

ಅಪ್ಪ ಒಂದು ಹೆಜ್ಜೆ ಒಳಗೆ ಬಂದು ಬಾಕ್ಸನ್ನು ನೋಡಿದ. "ಅಂಗ್ಡೀಲಿ ಚೆಂದಾಗೇ ಕೇಳ್ತಲ್ಲಲಾ" ಎಂದ. ಅಷ್ಟೇ ಹೇಳಿ ಹೊರಗೆ ಹೋದ. ಆ ಮಾತಿನಲ್ಲಿ ಉತ್ತರವೇ ಇತ್ತು. ನಾನು ಗೆದ್ದ ಸಡಗರದಲ್ಲಿದ್ದೆ, ಕೇಳಿಸಿಕೊಳ್ಳಲಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ಕಾಲೇಜಿಗೆ ಹೊರಟು ಶೂ ಕಟ್ಟುತ್ತಿದ್ದಾಗ ಮನೆ ಮುಂದೆ ಒಂದು ಗೂಡ್ಸ್ ಗಾಡಿ ನಿಂತಿತು. ಅಪ್ಪ ಲುಂಗಿ ಇಳಿಬಿಟ್ಟ. ಗಾಡಿಯವನು ದಾರಿ ಕೇಳಲಿಲ್ಲ. ಅಪ್ಪನನ್ನೇ ಕೇಳಿಕೊಂಡು ಅರಕಲಗೂಡಿನ ಹತ್ತಿರದಿಂದ ಬಂದಿದ್ದ. ಹಾವು ಕಚ್ಚಿ ಅವನ ಒಂದು ಎತ್ತು ಸತ್ತಿತ್ತು.

"ಮೂರ್ ಕಡೆ ನೋಡ್ದೆ, ಒಂದೂ ಜೊತೆಯಾಗ್ಲಿಲ್ಲ. ಇದ್ಕೆ ನೀವೇ ಸರಿ ಅಂತ ನಮ್ ಕಡೆ ಎಲ್ಲಾ ಅಂದ್ರು. ಸನಿವಾರ ಗಾಡಿ ತಕ್ಕಂಡ್ ಬತ್ತೀನಿ, ಬಂದು ನೋಡ್ಕೊಡ್ಬೇಕು ಯಜಮಾನ್ರೆ."

ಅಪ್ಪ ಅವನ ಗಾಡಿಯ ಚಕ್ರ ನೋಡಿದ. "ಇಲ್ಲ ಕಣಪ್ಪ. ಬ್ಯಾರೆಯೋರ್ನ ನೋಡ್ಕೋ. ಕಣ್ಣೂ ಸೋತದೆ, ಕಿವೀನೂ ಸೋತದೆ. ಮೊನ್ನೆ ಒಂದು ಜೋಡಿ ಕೂಡಿಸ್ದೆ, ಕೆಟ್ಟೋಯ್ತು."

ಆ ಮನುಷ್ಯ ನಮ್ಮ ಕೊಟ್ಟಿಗೆಯ ಕಡೆ ನೋಡಿದ. ಅಲ್ಲಿ ಒಂದು ಹಸು, ಒಂದು ಕರು. "ಯಾವ ಜೋಡಿ?"

ನಾನು ಕಟ್ಟಿದ ಶೂ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದೆ. ಆತ ಅವ್ವನ ಹತ್ತಿರ ಫೋನ್ ನಂಬರ್ ಬರೆಸಿ, ಮನಸ್ಸು ಬದಲಾದರೆ ಹೇಳಿ ಎಂದು ಹೊರಟುಹೋದ. ಗಾಡಿ ತಿರುವು ದಾಟಿದ ಮೇಲೂ ಅಪ್ಪ ಲುಂಗಿಯನ್ನು ಮೇಲೆತ್ತಿ ಕಟ್ಟಲಿಲ್ಲ.

ಅಂದು ಮೂರನೇ ಪೀರಿಯಡ್‌ನಲ್ಲಿ ವಿದ್ಯುತ್ ಪಾಠ. ಬೋರ್ಡಿನ ಮೇಲೆ ಎರಡು ಸೆಲ್ ಬರೆದು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ: "ಎರಡು ಒಳ್ಳೆ ಸೆಲ್ ತಗೊಳಿ. ಎರಡರಲ್ಲೂ ಏನೂ ದೋಷ ಇಲ್ಲ. ಆದರೆ ಪ್ಲಸ್ ಮೈನಸ್ ನೋಡದೆ ಒಂದನ್ನ ತಿರುಗಿಸಿ ಹಾಕಿದ್ರೆ, ಒಂದು ತಳ್ಳಿದ್ದನ್ನ ಇನ್ನೊಂದು ಎಳ್ಕೊಳುತ್ತೆ. ಹೊರಗೆ ಏನೂ ಬರಲ್ಲ. ಆಗ ದಡ್ಡ ಏನಂತಾನೆ? ಸೆಲ್ ಸರಿಯಿಲ್ಲ ಅಂತಾನೆ."

ಸೀಮೆಸುಣ್ಣ ಬೋರ್ಡಿನ ಮೇಲೇ ನಿಂತಿತು.

"ಸಾ, ಮುಂದೆ?" ಎಂದಳು ಮೊದಲ ಬೆಂಚಿನ ಹುಡುಗಿ.

"ಮುಂದೆ ಏನಿಲ್ಲ. ದಡ್ಡ ಅನ್ನೋದು ಬರ್ಕೋಬೇಡಿ."

ಮನೆಗೆ ಬಂದವನೇ ಬಾಕ್ಸಿನ ಹಿಂಬದಿ ಬಿಚ್ಚಿದೆ. ಹಳೆಯ ಸ್ಪೀಕರಿನಲ್ಲಿ ಪ್ಲಸ್ಸಿನ ಕೆಂಪು ಚುಕ್ಕೆ ಬಲಕ್ಕಿತ್ತು, ಹೊಸದರಲ್ಲಿ ಎಡಕ್ಕಿತ್ತು. ನಾನು ಚುಕ್ಕೆ ನೋಡದೆ ಎರಡಕ್ಕೂ ಬಲಗಡೆಗೇ ಕೆಂಪು ವೈರ್ ಸಿಕ್ಕಿಸಿದ್ದೆ. ನಂಬಲಾಗದೆ ಟಾರ್ಚಿನ ಸೆಲ್ ತೆಗೆದು ಬಾಕ್ಸಿನ ವೈರಿಗೆ ತಾಗಿಸಿದೆ. ಒಂದು ಸ್ಪೀಕರಿನ ಕಾಗದ ಮುಂದಕ್ಕೆ ಬಂತು, ಇನ್ನೊಂದರದು ಹಿಂದಕ್ಕೆ ಹೋಯಿತು. ಒಂದು ತಳ್ಳಿದ ಗಾಳಿಯನ್ನು ಪಕ್ಕದ್ದು ನುಂಗುತ್ತಿತ್ತು. ಲ್ಯಾಬಿನಲ್ಲಿ ಪ್ರತಿ ಜೂನ್‌ನಲ್ಲಿ ನಾನು ಹೇಳುವ ಮೊದಲ ವಾಕ್ಯ: ಗುರುತು ನೋಡಿ ಸಿಕ್ಕಿಸಿ.

ಎರಡು ವೈರ್ ಅದಲುಬದಲು ಮಾಡಿ ನುಡಿಸಿದೆ. ದಪ್ಪ ತಂತಿ ಮೀಟಿದ ಕೂಡಲೇ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ನಡುಗಿದವು. ಯಾವುದು ಹಳೆಯದು ಯಾವುದು ಹೊಸದು ಎಂದು ಹೇಳಲಾಗದಂತೆ ಎರಡೂ ಒಂದೇ ಸಮ ಎಳೆಯುತ್ತಿದ್ದವು.

ಅವ್ವ ಸೌಟು ಹಿಡಿದು ಬಂದಳು. "ಈಗ ಸರ್ಯಾಯ್ತಲ್ಲ! ಏನ್ಮಾಡ್ದೆ?"

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಜಗುಲಿಗೆ ಕೇಳುವಷ್ಟು ಜೋರಾಗಿ, "ಹೊಸದು ಅಲ್ವಾ ಅವ್ವ, ಪಳಗಬೇಕಿತ್ತು. ಈಗ ಪಳಗಿದೆ" ಎಂದೆ. ಅಪ್ಪನ ಮರ್ಯಾದೆಯೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ ಎಂಬ ಲೆಕ್ಕ. ಕಷ್ಟಪಟ್ಟು ಸಂಪಾದಿಸಿದ ಓದನ್ನು ಒಂದು ವೈರಿಗೆ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಜಗುಲಿಯಿಂದ ಅಪ್ಪನ ದನಿ ಬಂತು. "ಪಳಗ್ದೆ ಇರೋದ್ನ ಪಳಗ್ಯದೆ ಅನ್ಕಂಡ್ ತಂದ್ನಲ್ಲ, ಅದೇ ನೋಡು ಕಣ್ಣು ಓಗಿರೋದು. ಸದ್ಯ, ಅರಕಲಗೂಡ್ನೋನ ಎತ್ತು ಕೆಡ್ಸ್‌ನಿಲ್ಲ."

ನನ್ನ ಲೆಕ್ಕದಲ್ಲಿ ಉಳಿದದ್ದು ನನ್ನ ಮರ್ಯಾದೆ ಮಾತ್ರ. ಗಿಟಾರ್ ಇಟ್ಟು ಹೊರಗೆ ಹೋದೆ.

"ಅಪ್ಪ, ಸ್ಪೀಕರ್ ಪಳಗೋದೂ ಇಲ್ಲ ಏನೂ ಇಲ್ಲ. ನಾನು ಕೆಂಪು ಚುಕ್ಕೆ ನೋಡದೆ ವೈರ್ ತಪ್ಪಾಗಿ ಸಿಕ್ಕಿಸಿದ್ದೆ. ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೀತಿತ್ತು. ನೀನು ತಂದಿದ್ದು ಸರಿಯಾಗೇ ಇತ್ತು."

ಅಪ್ಪ ನನ್ನ ಕಡೆ ತಿರುಗಿ ಕೂತ. "ಅಂಗಂದ್ರೆ, ಒಂದೆತ್ತಿನ ಮೂತಿ ಮೂಡ್ಲಿಗೆ, ಇನ್ನೊಂದೆತ್ತಿನ ಮೂತಿ ಪಡುವ್ಲಿಗೆ ಮಾಡಿ ನೊಗ ಕಟ್ಟಿದ್ದೆ ಅನ್ನು."

"ಹೂಂ."

"ಕಟ್ಬುಟ್ಟು, ಎತ್ತು ಸರಿ ಇಲ್ಲ ಅಂದೆ."

"ಹೂಂ."

"ಎಮ್ಮೆಸ್ಸಿ ಓದಿ."

"ಹೂಂ ಅಪ್ಪ."

ಅಪ್ಪ ನಗಲು ಶುರುಮಾಡಿದ. ನಕ್ಕು ನಕ್ಕು ಕೆಮ್ಮು ಬಂತು, ಅವ್ವ ನೀರು ತರಬೇಕಾಯಿತು. ನೀರು ಕುಡಿದು, "ಅರಕಲಗೂಡ್ನೋನ ನಂಬರ್ ಎಲ್ಲಿಟ್ಟಿದ್ದೀಯೇ?" ಎಂದ. ಆತನಿಗೆ ಫೋನ್ ಮಾಡಿ ಮೊದಲು ಶನಿವಾರ ಬರುತ್ತೇನೆ ಎಂದ. ಆಮೇಲೆ, ಯಾಕೆ ಬರುವುದಿಲ್ಲ ಎಂದಿದ್ದೆ, ಈಗ ಯಾಕೆ ಬರುತ್ತಿದ್ದೇನೆ ಎಂಬುದನ್ನು ಮೊದಲಿನಿಂದ ಹೇಳಿದ. ಅಪ್ಪ ಫೋನಿನಲ್ಲಿ ಮಾತಾಡುವುದು ಅರಕಲಗೂಡಿಗೆ ಫೋನಿಲ್ಲದೆಯೂ ಕೇಳುವಷ್ಟು ಜೋರು. ನಮ್ಮ ಬೀದಿಗಂತೂ ಪೂರ್ತಿ ಕೇಳಿತು.

ಶನಿವಾರ ಗೂಡ್ಸ್ ಗಾಡಿ ಬಂತು. ಹೊಳೆನರಸೀಪುರದ ಮೇಲೆಯೇ ಹೋಗುವುದರಿಂದ ನನ್ನ ಬಾಕ್ಸನ್ನೂ ಹಿಂದೆ ಹಾಕಿಕೊಂಡು, ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡ ಆತ. ಚಕ್ರ ಉರುಳುವ ಮೊದಲೇ ನನ್ನ ಕಡೆ ಬಗ್ಗಿ ಬಹಳ ಮರ್ಯಾದೆಯಿಂದ ಕೇಳಿದ, "ಉಲ್ಟಾ ಕಟ್ಟಿದ್ದು ತಾವೇನಾ ಸಾ?"

"ಪೂರ್ತಿ ಉಲ್ಟಾ ಅಲ್ಲ," ಎಂದೆ. "ಎರಡೂ ಉಲ್ಟಾ ಆಗಿದ್ರೆ ಸರಿಯಾಗೇ ಕೇಳ್ತಿತ್ತು. ಒಂದು ಮಾತ್ರ ಉಲ್ಟಾ."

"ಈಗ ತಿಳೀತು ಬುಡಿ," ಎಂದು ಆತ ಅಪ್ಪನ ಕಡೆ ನೋಡಿದ. ಇಬ್ಬರೂ ಹೊಳೆನರಸೀಪುರದವರೆಗೆ ಎತ್ತುಗಳ ಮಾತಾಡಿದರು. ನಡುವೆ ಕೂತ ನಾನು ರಸ್ತೆ ನೋಡಿದೆ.

ಕಾಲೇಜಿನ ಗೇಟಿನಲ್ಲಿ ಪ್ರಾಂಶುಪಾಲರು ಅತಿಥಿಗಳಿಗಾಗಿ ಕಾಯುತ್ತಿದ್ದರು. ಮಕ್ಕಳು ಓಡಿಬಂದು ಬಾಕ್ಸ್ ಇಳಿಸಿಕೊಂಡರು. ಕಾರ್ಯಕ್ರಮ ನೋಡಿಕೊಂಡು ಹೋಗು ಎಂದು ಅಪ್ಪನಿಗೆ ಹೇಳಿದೆ.

"ಅಲ್ಲಿ ಒಂಟಿ ಎತ್ತು ನಿಂತದೆ ಕಣ್ಲಾ" ಎಂದ ಅಪ್ಪ. ಗಾಡಿ ಹೊರಟಿತು. ಹತ್ತು ಮಾರು ಹೋದ ಮೇಲೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಟವೆಲು ಬೀಸುತ್ತ ಕೂಗಿದ, "ಲೇ! ಕೆಂಪು ಚುಕ್ಕೆ ನೋಡಿ ಕಟ್ಲಾ!"

ಗೇಟಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಯಾರು ಸಾ ಅವ್ರು?" ಎಂದಳು ಮೊದಲ ಬೆಂಚಿನ ಹುಡುಗಿ.

"ನಮ್ಮಪ್ಪ."

"ಅವ್ರೂ ಫಿಸಿಕ್ಸಾ ಸಾ?"

ಪ್ರಾಂಶುಪಾಲರು ಪಕ್ಕದಲ್ಲೇ ನಿಂತಿದ್ದರು. ಹೌದು ಎಂದೆ. ಬಾಕ್ಸನ್ನು ವೇದಿಕೆಗೆ ಹೊರಿಸಿ, ಪರದೆ ಎಳೆದುಕೊಂಡು, ಯಾರಿಗೂ ಕಾಣದಂತೆ ಹಿಂಬದಿಯ ಹಲಗೆ ಬಿಚ್ಚಿ, ಎರಡೂ ಚುಕ್ಕೆಗಳನ್ನು ಮತ್ತೊಮ್ಮೆ ನೋಡಿಕೊಂಡೆ.